ಸಾಂತೆಲೇನಕ್ಕೆ ಹೋದ ಚಿನ್ನ

ನವೆಂಬರ್ ಹನ್ನೆರಡು, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ಸ್ವಲ್ಪ ಮುಂಚೆ ಪ್ರೊಫೆಸರ್ ಇಲಾರಿಯೊ ಜೆನ್ನಾರೊ, ಇಟಲಿಯ ವೆನಿಸ್ ಹತ್ತಿರದ ಕಾವರೊಸ್ಸ ಊರಿನ ಪೊಲೀಸ್ ಠಾಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಹಿಂದಿನ ರಾತ್ರಿ ಕಾಲುವೆಯ ನೀರು ಉಕ್ಕಿ ಬೀದಿಗೆ ಬಂದಿದ್ದರಿಂದ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿದ್ದರು. ಬೂಟಿನ ಮೇಲೆ ಮಾತ್ರ ಎಂದಿನಂತೆ ಕೋಟು, ಕುತ್ತಿಗೆಗೆ ಟೈ.

“ಮರೆಶಾಲ್ಲೊ, ನಮ್ಮ ಫಾವುಸ್ತೀನ ಇಲ್ಲ” ಎಂದರು.

ಮರೆಶಾಲ್ಲೊ ಹುದ್ದೆಯ ಠಾಣಾಧಿಕಾರಿ ಕೋಸಿಮೊ ಕ್ವಾರ್ತ ಕೆಟ್ಟುಹೋದ ಹೀಟರನ್ನು ಕಾಲಿನಿಂದ ತಟ್ಟುತ್ತಿದ್ದವರು ತಟ್ಟುವುದನ್ನು ನಿಲ್ಲಿಸಿ ಪೆನ್ನು ತೆಗೆದುಕೊಂಡರು.

“ಯಾವಾಗಿಂದ ಕಾಣ್ತಿಲ್ಲ?”

“ಗೊತ್ತಿಲ್ಲ. ಅದೇ ನಾಚಿಕೆಗೇಡು.”

“ವಯಸ್ಸು?”

“ಸಾವಿರದ ಎಂಟುನೂರು ಚಿಲ್ಲರೆ.”

ಕ್ವಾರ್ತ ಪೆನ್ನು ಕೆಳಗಿಟ್ಟರು. ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಅಮೇದಿಯೊ ತಿಯೋಟ್ಸೊ, ಹಲ್ಲುನೋವಿನಿಂದ ಊದಿದ ಕೆನ್ನೆಯನ್ನು ಹಿಡಿದುಕೊಂಡೇ, “ಮ್ಯೂಸಿಯಮ್ಮಿನ ಚಿನ್ನದ ನಾಣ್ಯ, ಮರೆಶಾಲ್ಲೊ” ಎಂದು ತಿಳಿಸಿ, ಪ್ರೊಫೆಸರಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟರು. ಆ ಕೋಣೆಯಲ್ಲಿ ಅಲುಗಾಡದ ಕುರ್ಚಿ ಅದೊಂದೇ ಆಗಿತ್ತು.

ದೂರು ಹೀಗಿತ್ತು. ಪ್ರೊಫೆಸರ್ ನೋಡಿಕೊಳ್ಳುತ್ತಿದ್ದ ಪುರಸಭೆಯ ಪುಟ್ಟ ಮ್ಯೂಸಿಯಮ್ಮಿನಲ್ಲಿ ಬೆಲೆಬಾಳುವ ವಸ್ತು ಅಂತ ಇದ್ದದ್ದು ಒಂದೇ, ರೋಮನ್ ಚಕ್ರವರ್ತಿಯೊಬ್ಬ ತೀರಿಹೋದ ತನ್ನ ಹೆಂಡತಿ ಫಾವುಸ್ತೀನಳ ಮುಖ ಒತ್ತಿಸಿದ ಚಿನ್ನದ ನಾಣ್ಯ. ಹಿಂದಿನ ದಿನ, ಭಾನುವಾರ, ಆಸ್ಟ್ರಿಯಾದಿಂದ ಬಂದಿದ್ದ ಹೆಂಗಸೊಬ್ಬಳು ಗಾಜಿಗೆ ಮೂಗು ತಾಗಿಸಿ ನೋಡಿ, “ನಿಮ್ಮ ರಾಣಿಯ ಬೆನ್ನ ಮೇಲೆ 1972 ಅಂತ ಯಾಕಿದೆ?” ಎಂದು ಕೇಳಿದ್ದಳು. ನಾಣ್ಯದ ಹಿಂಬದಿ ಕಾಣಲೆಂದು ಕೆಳಗೆ ಕನ್ನಡಿ ಇಟ್ಟಿತ್ತು. ಪ್ರೊಫೆಸರ್ ಕನ್ನಡಕ ಒರೆಸಿಕೊಂಡು ನೋಡಿದರೆ, ಮಖಮಲ್ಲಿನ ಮೇಲೆ ಕೂತಿದ್ದದ್ದು ಇಪ್ಪತ್ತು ಲೀರದ ಹಳೇ ಹಿತ್ತಾಳೆ ಬಣ್ಣದ ಬಿಲ್ಲೆ. ಯೂರೊ ಬಂದ ಮೇಲೆ ಮಕ್ಕಳೂ ಕೇಳದ ಬಿಲ್ಲೆ.

“ಅದರಲ್ಲೂ ಒಂದು ಹೆಂಗಸಿನ ಮುಖ ಇದೆಯಲ್ಲ, ಗೋಧಿ ತೆನೆ ಮುಡಿದದ್ದು” ಎಂದರು ಪ್ರೊಫೆಸರ್. “ಗಾತ್ರವೂ ಹೆಚ್ಚುಕಮ್ಮಿ ಅಷ್ಟೇ. ನಾನು ದಿನಾ ಅದರ ಮುಂದೆ ಹಾದು ಹೋಗಿದ್ದೀನಿ, ಮರೆಶಾಲ್ಲೊ. ಶುಭೋದಯ ಅಂತ ಕೂಡ ಹೇಳಿದ್ದೀನಿ.”

ಪ್ರಥಮ ವರ್ತಮಾನ ವರದಿಯಲ್ಲಿ ಕಳುವಾದ ವಸ್ತುವಿನ ವಿವರ ಬರೆಯುವಾಗ ಕಾನ್‌ಸ್ಟೆಬಲ್ ದೆಬೋರ ಪಾವಾನ್ ಫೋಟೊ ನೋಡಿ ಅಕ್ಷರ ಓದಿದಳು.

“ದೀವಾ ಫಾವುಸ್ತೀನ. ದೀವಾ ಅಂದ್ರೆ ಸಿನಿಮಾ ನಟಿನಾ?”

“ದೇವತೆ, ಮಗಳೇ. ಗಂಡನಿಗೆ ಅವಳ ಸಾವು ತಡೆಯೋಕೆ ಆಗಲಿಲ್ಲ. ಚಕ್ರವರ್ತಿ ಅಲ್ವಾ, ಸೆನೆಟ್ ಕರೆಸಿ ಅವಳನ್ನ ದೇವತೆ ಅಂತ ಘೋಷಣೆ ಮಾಡಿಸಿಬಿಟ್ಟ. ಆಮೇಲೆ ಇಪ್ಪತ್ತು ವರ್ಷ ಅವಳ ಮುಖದ ನಾಣ್ಯ ಒತ್ತಿಸಿದ. ಹಿಂಬದಿಯಲ್ಲಿ ದವಸದ ದೇವಿ ನಿಂತಿದ್ದಾಳೆ, ಕೈಯಲ್ಲಿ ತನ್ನಷ್ಟೇ ಉದ್ದದ ದೀವಟಿಗೆ.”

“ಶಿಲುಬೆ ಥರ ಕಾಣುತ್ತೆ” ಎಂದಳು ಪಾವಾನ್.

“ಸವೆದಿದೆ. ಅದಕ್ಕೇ ಹಾಗೆ ಕಾಣುತ್ತೆ.”

“ಮೇಲಿರೋ ಈ ತೂತು?” ಎಂದು ಕ್ವಾರ್ತ ಕೇಳಿದರು.

ಪ್ರೊಫೆಸರ್ ಮುಖ ಕಹಿ ತಿಂದವರಂತಾಯಿತು. “ಅದು ಹಳೇದು. ನಮ್ಮ ಕೈಗೆ ಬರೋ ಮೊದಲೇ ಯಾವನೋ ಮೂರ್ಖ ಚಕ್ರವರ್ತಿನಿಯ ತಲೆಗೆ ತೂತು ಕೊರೆದಿದ್ದಾನೆ. ಅನಾಗರಿಕ! ನಾನು ಅವನನ್ನ ಇವತ್ತಿಗೂ ಕ್ಷಮಿಸಿಲ್ಲ.”

ಪಾವಾನ್ ಬರೆದುಕೊಂಡಳು: ಮೇಲ್ಭಾಗದಲ್ಲಿ ಒಂದು ತೂತು, ಹಳೆಯದು.

ಹೊರಡುವಾಗ ಪ್ರೊಫೆಸರ್ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. ಮ್ಯೂಸಿಯಮ್ಮನ್ನು ಮುಚ್ಚಬೇಕೆಂದು ಪುರಸಭೆ ಮೂರು ವರ್ಷದಿಂದ ನೆಪ ಹುಡುಕುತ್ತಿತ್ತು. ಈಗ ನೆಪ ಸಿಕ್ಕಿತು. ವರ್ಷ ಮುಗಿಯುವುದರೊಳಗೆ ನಾಣ್ಯ ಸಿಗದಿದ್ದರೆ ಬಾಗಿಲಿಗೆ ಬೀಗ, ಉಳಿದ ಮಡಕೆ ಚೂರುಗಳು ವೆನಿಸ್ಸಿನ ಯಾವುದೋ ಗೋದಾಮಿಗೆ.

“ಹಾಗಾದ್ರೆ ನಾನು ಯಾರಿಗೆ ಶುಭೋದಯ ಹೇಳಲಿ?” ಎಂದು ನಗಲು ನೋಡಿದರು. ನಗು ಬರಲಿಲ್ಲ. ಹೋದ ವರ್ಷವಷ್ಟೇ ಎದೆಯ ಆಪರೇಷನ್ ಆಗಿದ್ದ ಮನುಷ್ಯ. ತಿಯೋಟ್ಸೊ ಛತ್ರಿ ಹಿಡಿದು ಸೇತುವೆಯವರೆಗೆ ಬಿಟ್ಟು ಬಂದರು.

ಅದೇ ದಿನ ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ ನಡೆಯಿತು. ಕ್ವಾರ್ತರ ಸಂಕಟ ಶುರುವಾದದ್ದು ಅಲ್ಲಿಂದಲೇ.

ಗಾಜಿನ ಪೆಟ್ಟಿಗೆ ಒಡೆದಿರಲಿಲ್ಲ. ಬೀಗ ಸರಿಯಾಗಿತ್ತು. ಬೆರಳಚ್ಚು ಸಿಗುವಂತಿರಲಿಲ್ಲ, ಯಾಕೆಂದರೆ ಗಾಜನ್ನು ವಾರಕ್ಕೊಮ್ಮೆ ವಿನಿಗರ್ ಹಾಕಿ ಒರೆಸುತ್ತಿದ್ದರು. ಮೂಲೆಯಲ್ಲಿದ್ದ ಕ್ಯಾಮೆರಾದ ತಂತಿ ಗೋಡೆಯ ಹಿಂದೆ ಎಲ್ಲಿಗೂ ಹೋಗಿರಲಿಲ್ಲ.

“ಅದು ಹೆದರಿಸೋಕೆ” ಎಂದರು ಪ್ರೊಫೆಸರ್.

“ಕೀಲಿ?”

“ಭದ್ರವಾಗಿದೆ. ಆ ಮುರಿದ ಹೂಜಿಯೊಳಗೆ.”

“ಅದು ಯಾರಿಗೆ ಗೊತ್ತು?”

ಪಂಚನಾಮೆಗೆ ಸಹಿ ಹಾಕಲು ಕರೆತಂದಿದ್ದ ಇಬ್ಬರು ಸಾಕ್ಷಿಗಳು, ಒಬ್ಬ ರೊಟ್ಟಿ ಅಂಗಡಿಯವನು, ಇನ್ನೊಬ್ಬ ಬಲೆ ಹೆಣೆಯುವವನು, ಇಬ್ಬರೂ ಒಟ್ಟಿಗೇ ಕೈ ಎತ್ತಿದರು.

ಮ್ಯೂಸಿಯಂ ನಡೆಯುತ್ತಿದ್ದದ್ದು ಊರಿನ ನಿವೃತ್ತರ ಸರದಿಯ ಮೇಲೆ. ಗುರುವಾರ ಒಬ್ಬರು, ಶನಿವಾರ ಒಬ್ಬರು, ಜ್ವರ ಬಂದರೆ ಅವರ ತಂಗಿ, ತಂಗಿಗೆ ಮೊಮ್ಮಗಳ ನಾಮಕರಣವಿದ್ದರೆ ನೆರೆಮನೆಯವಳು. ಸಾಕ್ಷಿಗಳ ಪಟ್ಟಿ ಮಾಡುವಷ್ಟರಲ್ಲಿ ಅದರಲ್ಲಿ ಐದು ಮಂದಿ ತಿಯೋಟ್ಸೊ, ನಾಲ್ಕು ಮಂದಿ ವರಾನ್ಯೋಲೊ ಸೇರಿಕೊಂಡರು. ದಕ್ಷಿಣದ ಪೂಲ್ಯ ಸೀಮೆಯಿಂದ ಎರಡು ವರ್ಷದ ಹಿಂದೆ ವರ್ಗವಾಗಿ ಬಂದಿದ್ದ ಕ್ವಾರ್ತರಿಗೆ ಈ ಊರಿನಲ್ಲಿ ಇಷ್ಟೊಂದು ಜನಕ್ಕೆ ಇಷ್ಟು ಕಡಿಮೆ ಹೆಸರು ಯಾಕೆಂಬುದು ಇನ್ನೂ ಬಗೆಹರಿದಿರಲಿಲ್ಲ.

ಎಲ್ಲಕ್ಕಿಂತ ಅವರನ್ನು ಕೆರಳಿಸಿದ್ದು ಆ ಇಪ್ಪತ್ತು ಲೀರದ ಬಿಲ್ಲೆ. “ಇದು ಅಣಕ” ಎಂದರು. “ಕಸುಬುದಾರ ಕಳ್ಳ ನಮಗೆ ನಾಲಗೆ ಚಾಚಿ ಹೋಗಿದ್ದಾನೆ.”

ಮರುದಿನ ತಿಯೋಟ್ಸೊ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದರು. ಆ ಒಂದು ಹಲ್ಲು ಇಲಾಖೆಯ ಮೂರು ವಾರ ತಿಂದಿತು ಎಂದು ಆಮೇಲೆ ಠಾಣೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಹೀಗಾಗಿ ಹೇಳಿಕೆಗಳನ್ನು ಕ್ವಾರ್ತ ತಾವೇ ಬರೆದುಕೊಂಡರು.

ಮೊದಲು ಮ್ಯೂಸಿಯಮ್ಮಿನ ಎದುರಿನ ಬಾರಿನ ಒಡತಿ ಪಾಲ್ಮಿರ. ಎಪ್ಪತ್ತಾರು ವರ್ಷ. ಗುರುವಾರದ ಸರದಿ ಅವಳದು. ಕೌಂಟರಿನ ಹಿಂದೆ ನಿಂತು ಲೋಟ ಒರೆಸುತ್ತಲೇ ಉತ್ತರ ಕೊಟ್ಟಳು.

“ಹೋದ ಗುರುವಾರ ನಾಣ್ಯ ಇತ್ತಾ?”

“ಹಳದಿಯದು ಏನೋ ಇತ್ತು.”

“ಚಿನ್ನದ್ದಾ, ಹಿತ್ತಾಳೆದಾ?”

“ನಾನೇನು ಕಚ್ಚಿ ನೋಡ್ತೀನಾ? ಸ್ವೆಟರ್ ಹೆಣೀತಾ ಕೂತಿರ್ತೀನಿ. ಹೆಂಗಸಿನ ಮುಖ ಇತ್ತು. ಸಾಲ್ದಾ?”

“ಹೊರಗಿನವರು ಯಾರಾದ್ರೂ ಬಂದಿದ್ರಾ?”

“ಈ ನೀರಲ್ಲಿ ಯಾರು ಬರ್ತಾರೆ? ನೀವೊಬ್ರೇ ಹೊರಗಿನೋರು.”

“ಸಿನ್ಯೋರ ಪಾಲ್ಮಿರ, ನಿಮ್ಮ ಅಂದಾಜು ಹೇಳಿ. ನಾಣ್ಯ ಎಲ್ಲಿಗೆ ಹೋಗಿರಬಹುದು?”

ಅವಳು ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. “ಅಂಥ ಚಿನ್ನ ಇನ್ನೆಲ್ಲಿಗೆ ಹೋಗುತ್ತೆ? ಸಾಂತೆಲೇನಕ್ಕೆ ಹೋಗಿರುತ್ತೆ.”

“ಯಾರ ಹತ್ತಿರ?”

“ಬೇಕಾಗಿರೋರ ಹತ್ತಿರ. ನನ್ನನ್ನ ಕೇಳಿದ್ರೆ? ಕಾಫಿ ಕುಡೀರಿ, ಆರುತ್ತೆ. ಚಳಿಗೆ ಒಂದು ಹನಿ ಗ್ರಾಪ್ಪ ಸಾರಾಯಿ ಹಾಕಿದ್ದೀನಿ, ಬರ್ಕೋಬೇಡಿ.”

ಕ್ವಾರ್ತ ಬರೆದುಕೊಂಡದ್ದು ಹೀಗೆ: ನಾಣ್ಯವು ಸಾಂತೆಲೇನಕ್ಕೆ ಹೋಗಿದೆಯೆಂದು ಸಾಕ್ಷಿ ಹೇಳುತ್ತಾಳೆ, ಪಡೆದವನ ಹೆಸರು ಹೇಳಲು ಹಿಂಜರಿಯುತ್ತಾಳೆ. ವೆನಿಸ್ ನಗರದ ತುದಿಯಲ್ಲಿ ಸಾಂತೆಲೇನ ಎಂಬ ದ್ವೀಪ ಇರುವುದು ಅವರಿಗೆ ಗೊತ್ತಿತ್ತು. ಮೊದಲ ಸುಳಿವು ಸಿಕ್ಕಿತೆಂದು ಕಾಫಿಯ ದುಡ್ಡಿಗಿಂತ ಹೆಚ್ಚೇ ಇಟ್ಟು ಬಂದರು.

ಮಧ್ಯಾಹ್ನ ಶನಿವಾರದ ಸರದಿಯ ಓತ್ತೊರೀನೊ ವರಾನ್ಯೋಲೊನನ್ನು ಅವನ ಮನೆಯಲ್ಲೇ ಕಂಡರು. ಅರವತ್ತೆಂಟು ವರ್ಷ, ಚಿಪ್ಪುಮೀನು ಹಿಡಿಯುವ ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಹೆಂಡತಿ ಇಲ್ಲ. ಮಗಳು ನಿವೆಸ್ ಮೀನು ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟಿದ್ದಳು. ಕ್ವಾರ್ತರ ಬೂಟಿನೊಳಗೆ ನೀರು ಹೋಗಿದ್ದನ್ನು ಕಂಡು ಅವನು ಮಾತಾಡುವ ಮೊದಲು ಒಳಗೆ ಹೋಗಿ ಒಣ ಉಣ್ಣೆಯ ಕಾಲುಚೀಲ ತಂದು ಮುಂದಿಟ್ಟ.

“ಕಳೆದ ಶನಿವಾರ ಹೊರಗಿನವರು ಯಾರಾದ್ರೂ ನಾಣ್ಯ ಮುಟ್ಟಿದ್ದನ್ನ ನೋಡಿದ್ರಾ?”

“ಇಲ್ಲ. ಹೊರಗಿನೋರು ಮುಟ್ಟಿಲ್ಲ.”

“ಕೀಲಿ ಎಲ್ಲಿರುತ್ತೆ ಅಂತ ಗೊತ್ತಾ?”

“ಗೊತ್ತು.”

“ನಾಣ್ಯದ ಬೆಲೆ ಎಷ್ಟು ಅಂತ ಗೊತ್ತಾ?”

“ಅದಕ್ಕೆ ಬೆಲೆ ಕಟ್ಟೋಕೆ ನನ್ನ ಕೈಲಾಗಲ್ಲ.”

ಅಷ್ಟರಲ್ಲಿ ಅವನೇ ಫೋನ್ ಎತ್ತಿಕೊಂಡು ಮಗಳಿಗೆ ಮಾತಾಡಿದ. “ಕೂತಿದ್ದೀಯಾ? ಕೂತೇ ತೂಕ ಮಾಡು. ನೀರಿನ ಕಡೆ ಹೋಗ್ಬೇಡ. ನಾನು ಈಗ್ಲೇ ಬಂದೆ.” ಫೋನ್ ಕೆಳಗಿಟ್ಟು, “ಅವಳಿಗೆ ಬೀಳೋ ಕಾಯಿಲೆ. ಚಿಕ್ಕವಳಿದ್ದಾಗ ಇತ್ತು, ಹೋಗಿತ್ತು. ಈ ಬೇಸಿಗೆಯಲ್ಲಿ ಮತ್ತೆ ಬಂತು” ಎಂದ.

ಕ್ವಾರ್ತರಿಗೆ ಪಾಪವೆನಿಸಿತು. ಹೆಚ್ಚು ಕೇಳದೆ ಎದ್ದರು. ಕಾಲುಚೀಲವನ್ನು ಒಗೆಸಿ ವಾಪಸು ಕಳಿಸುವುದಾಗಿ ಹೇಳಿದರು.

ಮುಂದಿನ ಹದಿನೈದು ದಿನವನ್ನು ಕ್ವಾರ್ತ ತಮ್ಮ ಸರ್ವಿಸ್ಸಿನಿಂದ ಹರಿದು ಹಾಕಲು ಆಗುವುದಾದರೆ ಹಾಕುತ್ತಿದ್ದರು.

ವೆನಿಸ್ಸಿಗೆ ವರದಿ ಹೋಯಿತು. ಹಳೇ ಕಲಾವಸ್ತುಗಳ ಕಳ್ಳತನ ನೋಡುವ ದಳದವರು, ಸಾಂತೆಲೇನದಲ್ಲಿ ಹಳೇ ಚಿನ್ನ ಕೊಳ್ಳುವವನೆಂದು ಹಿಂದೊಮ್ಮೆ ಹೆಸರು ಕೇಳಿಬಂದಿದ್ದ ನಿವೃತ್ತ ಗಡಿಯಾರ ರಿಪೇರಿಯವನೊಬ್ಬನಿದ್ದಾನೆ, ಕಾವಲು ಹಾಕಿ ಎಂದರು. ಆಳು ಕೊಡಿ ಎಂದರೆ ಆಳಿಲ್ಲ ಎಂದರು. ಕ್ವಾರ್ತ ಮತ್ತು ಪಾವಾನ್ ಮಂಜಿನಲ್ಲಿ ದೋಣಿ ಹತ್ತಿ ಹೋಗಿ, ದ್ವೀಪದ ಪಾರ್ಕಿನ ಬೆಂಚಿನ ಮೇಲೆ ಗಂಡಹೆಂಡಿರಂತೆ ಕೂತು, ಅವನ ಕಿಟಕಿ ಕಾದರು. ಮಂಜು ಎಷ್ಟಿತ್ತೆಂದರೆ ಅರ್ಧ ದಿನ ಅವರು ಕಾದದ್ದು ಪಕ್ಕದ ಮನೆಯ ಕಿಟಕಿಯನ್ನು.

“ಮರೆಶಾಲ್ಲೊ, ಯಾರೋ ಹೇಳಿದ್ರಂತೆ, ನನ್ನ ಅಮ್ಮ ಕೇಳ್ತಿದ್ದಾಳೆ, ಬೆಂಚಿನ ಮೇಲೆ ನಿನ್ನ ಜೊತೆ ಕೂತಿದ್ದ ಮುದುಕ ಯಾರು ಅಂತ” ಎಂದಳು ಪಾವಾನ್. ಕ್ವಾರ್ತರಿಗೆ ನಲವತ್ತೊಂಬತ್ತು.

ಶೋಧನೆಗೆ ಅನುಮತಿ ಕೊಡಲು ಪ್ರಾಸಿಕ್ಯೂಟರ್ ಐದು ದಿನ ತೆಗೆದುಕೊಂಡರು. ಶೋಧಿಸಿದಾಗ ಸಿಕ್ಕದ್ದು ಚರ್ಚಿನ ಗಂಟೆಗೋಪುರದ ಬಿಚ್ಚಿಟ್ಟ ಗಡಿಯಾರ, ಏಳು ಬೆಕ್ಕು. ಮನೆಯನ್ನೆಲ್ಲ ಬುಡಮೇಲು ಮಾಡಿದವರಿಗೆ ಆ ಮನುಷ್ಯ ಬೇಸರಪಡದೆ ಬಿಸಿ ಸೂಪು ಕಾಸಿ ಕೊಟ್ಟ. ಅದರಿಂದ ಕ್ವಾರ್ತರಿಗೆ ಇನ್ನಷ್ಟು ಕಷ್ಟವಾಯಿತು. ಮರುದಿನ ಪ್ರಾಸಿಕ್ಯೂಟರ್ ಫೋನಿನಲ್ಲಿ ಕೇಳಿದರು: “ಒಬ್ಬ ಬಾರಿನ ಮುದುಕಿಯ ಮಾತಿನ ಮೇಲೆ ನೀವು ನನ್ನ ಸಹಿ ತಗೊಂಡ್ರಾ?” ಪುರಸಭೆಯಿಂದ ಬಂದ ಫೋನಿನಲ್ಲಿ, ಡಿಸೆಂಬರ್ ಇಪ್ಪತ್ತನೇ ತಾರೀಖಿನ ಸಭೆಯಲ್ಲಿ ಮ್ಯೂಸಿಯಂ ಮುಚ್ಚುವ ವಿಷಯ ಇಟ್ಟಿದ್ದೇವೆ ಎಂದರು. ಪ್ರೊಫೆಸರ್ ಮಾತ್ರ ಫೋನ್ ಮಾಡಲಿಲ್ಲ. ದಿನಾ ಬೆಳಿಗ್ಗೆ ಠಾಣೆಯ ಮುಂದೆ ಹಾದು ಹೋಗುವಾಗ ಕಿಟಕಿಯತ್ತ ನೋಡಿ ಟೋಪಿ ಎತ್ತುತ್ತಿದ್ದರು. ಕ್ವಾರ್ತ ಆ ಹೊತ್ತಿಗೆ ಸರಿಯಾಗಿ ಕಡತದ ಕಪಾಟಿನ ಹಿಂದೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡರು.

ಡಿಸೆಂಬರ್ ಐದು, ಬುಧವಾರ, ಮಧ್ಯಾಹ್ನ. ಕ್ವಾರ್ತ ಮತ್ತು ತಿಯೋಟ್ಸೊ ಪಾಲ್ಮಿರಳ ಬಾರಿನಲ್ಲಿ ಈರುಳ್ಳಿ ವಿನಿಗರಿನಲ್ಲಿ ನೆನೆಹಾಕಿದ ಭೂತಾಯಿ ಮೀನು ತಿನ್ನುತ್ತಿದ್ದರು. ನಿಜವಾಗಿ ತಿನ್ನುತ್ತಿದ್ದದ್ದು ತಿಯೋಟ್ಸೊ ಒಬ್ಬರೇ, ಕ್ವಾರ್ತ ಫೋರ್ಕಿನಿಂದ ಈರುಳ್ಳಿ ಸರಿಸುತ್ತಿದ್ದರು.

“ಏನು ಮರೆಶಾಲ್ಲೊ, ಮೀನಿಗೂ ಶೋಧನೆನಾ?” ಎಂದಳು ಪಾಲ್ಮಿರ.

ಕ್ವಾರ್ತರ ತಾಳ್ಮೆ ಅಲ್ಲಿಗೆ ಕಡಿಯಿತು. “ನಿಮ್ಮಿಂದಲೇ ಆಗಿದ್ದು, ಸಿನ್ಯೋರ! ನಿಮ್ಮ ಮಾತು ನಂಬಿ ಸಾಂತೆಲೇನಕ್ಕೆ ಹೋಗಿ ಹದಿನೈದು ದಿನ ಮಂಜು ಕುಡಿದು ಬಂದೆ.”

“ಸಾಂತೆಲೇನಕ್ಕೆ ಹೋದ್ರಾ? ಯಾಕೆ?”

“ನಾಣ್ಯ ಅಲ್ಲಿಗೆ ಹೋಗಿದೆ ಅಂದಿದ್ದು ಯಾರು?”

“ಅಲ್ಲಿಗೆ ಅಂತ ನಾನೆಲ್ಲಿ ಅಂದೆ? ಸಾಂತೆಲೇನಕ್ಕೆ ಹೋಗಿರುತ್ತೆ ಅಂದೆ.”

“ಅದೇ ತಾನೇ!”

ಪಾಲ್ಮಿರ ಅವರ ಮುಖವನ್ನೇ ನೋಡಿದಳು. ಆಮೇಲೆ ಕೌಂಟರ್ ಹಿಡಿದುಕೊಂಡು ನಗತೊಡಗಿದಳು. “ಅಯ್ಯೋ ದೇವರೇ, ದೋಣಿ ಹತ್ತಿ ಹೋಗಿದ್ದಾನೆ! ಅಮೇದಿಯೊ, ಕೇಳಿಸಿತಾ? ಹಾಲು ಪಾಯಸಕ್ಕೆ ಹೋಯ್ತು ಅಂದ್ರೆ ಪಾಯಸ ಅನ್ನೋ ಊರಿಗೆ ಟಿಕೆಟ್ ತಗೊಳ್ಳೋ ಮನುಷ್ಯ!”

ತಿಯೋಟ್ಸೊ ನಗಲಿಲ್ಲ. ಬಾಯಿಗೆ ಒಯ್ದಿದ್ದ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟರು. ಅದನ್ನು ಕಂಡು ಪಾಲ್ಮಿರಳ ನಗುವೂ ನಿಂತಿತು. ತಾನು ಏನು ಬಿಟ್ಟುಕೊಟ್ಟೆನೆಂದು ಅವಳಿಗೆ ಹೊಳೆದಂತಿತ್ತು. “ನನಗೇನೂ ಗೊತ್ತಿಲ್ಲ. ಹೆಸರು ಕೇಳಬೇಡಿ” ಎಂದು ಒಳಗೆ ಹೋದವಳು ಆ ಮಧ್ಯಾಹ್ನವೆಲ್ಲ ಹೊರಗೆ ಬರಲಿಲ್ಲ.

“ಹೇಳಿಕೆಯಲ್ಲಿ ನೀವು ಬರೆದದ್ದನ್ನ ಓದಿ ನಾನೂ ಊರು ಅಂತಲೇ ತಿಳ್ಕೊಂಡೆ, ಮರೆಶಾಲ್ಲೊ” ಎಂದರು ತಿಯೋಟ್ಸೊ. “ಅವಳ ಬಾಯಲ್ಲಿ ಕೇಳಿದ್ರೆ ಆವತ್ತೇ ಗೊತ್ತಾಗ್ತಿತ್ತು.”

“ಏನು ಗೊತ್ತಾಗ್ತಿತ್ತು?”

“ನಮ್ಮ ಕಡೆ ಸಾಂತೆಲೇನ ಅಂದ್ರೆ ಊರೂ ಹೌದು, ಒಂದು ತಾಯಿತವೂ ಹೌದು. ಸಂತ ಎಲೇನ, ಯೇಸುವಿನ ಶಿಲುಬೆ ಹುಡುಕಿ ತಂದ ರಾಣಿ. ಅವಳ ಮುಖ ಇರೋ ಹಳೇ ಚಿನ್ನದ ನಾಣ್ಯಕ್ಕೆ ತೂತು ಮಾಡಿ ದಾರ ಹಾಕಿ ಕುತ್ತಿಗೆಗೆ ಕಟ್ಟೋರು. ನನ್ನ ಅಜ್ಜಿ ಕಾಲದಲ್ಲಿ ಊರಿಗೊಂದು ಇರ್ತಿತ್ತು. ಒಂದು ಮನೆಯಿಂದ ಇನ್ನೊಂದು ಮನೆಗೆ ಎರವಲು ಹೋಗ್ತಿತ್ತು.”

“ಯಾತಕ್ಕೆ?”

“ಬೀಳೋ ಕಾಯಿಲೆಗೆ.”

ಕ್ವಾರ್ತ ಮೀನಿನ ತಟ್ಟೆಯನ್ನು ನಿಧಾನವಾಗಿ ದೂರ ತಳ್ಳಿದರು. ಓತ್ತೊರೀನೊ ಕೊಟ್ಟಿದ್ದ ಉಣ್ಣೆಯ ಕಾಲುಚೀಲ ಅವರ ಕಾಲಿನಲ್ಲೇ ಇತ್ತು, ಇನ್ನೂ ವಾಪಸು ಕೊಟ್ಟಿರಲಿಲ್ಲ.

ಇಬ್ಬರೂ ಎದುರಿನ ಮ್ಯೂಸಿಯಮ್ಮಿಗೆ ನಡೆದರು. ಖಾಲಿ ಪೆಟ್ಟಿಗೆಯ ಕೆಳಗಿನ ಫಲಕ ಮೊದಲ ದಿನವೇ ನೋಡಿದ್ದದ್ದು: ‘ವರಾನ್ಯೋಲೊ ಕುಟುಂಬದ ದೋಣಿಯ ಬಲೆಯಲ್ಲಿ ದೊರೆತದ್ದು’.

“ಯಾವ ವರಾನ್ಯೋಲೊ?” ಎಂದು ಕ್ವಾರ್ತ ಪ್ರೊಫೆಸರನ್ನು ಕೇಳಿದರು.

“ನಮ್ಮ ಓತ್ತೊರೀನೊನ ತಂದೆ. ಅದಕ್ಕೇ ಅವನು ಸರದಿಗೆ ಈ ಕೋಣೆಯನ್ನೇ ಕೇಳಿ ತಗೊಂಡ ಅಂತ ನಾನು ಅಂದ್ಕೊಂಡಿದ್ದೆ.” ಪ್ರೊಫೆಸರ್ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು. “ಇಲ್ಲ. ಇಲ್ಲ, ಮರೆಶಾಲ್ಲೊ. ನನ್ನ ಆಪರೇಷನ್ ಆದಾಗ ಒಂದು ತಿಂಗಳು ನನ್ನ ಮನೆಗೆ ಮೀನಿನ ಸಾರು ತಂದುಕೊಟ್ಟ ಮನುಷ್ಯ ಅವನು.”

“ಆ ತೂತು ಯಾರು ಮಾಡಿದ್ದು ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?”

ಪ್ರೊಫೆಸರ್ ಬಗ್ಗಿ ಫಲಕವನ್ನು ಇನ್ನೊಮ್ಮೆ ಓದಿದರು.

ಡಿಸೆಂಬರ್ ಆರು, ಗುರುವಾರ, ಬೆಳಿಗ್ಗೆ ಏಳೂವರೆ. ಮೀನು ಮಾರ್ಕೆಟ್ಟು ಕಾಲುವೆಯ ಅಂಚಿಗೇ ಇತ್ತು. ಬೇರೆ ಅಂಗಡಿಗಳ ಹಿಂದೆ ನೇರ ನೀರು. ನಿವೆಸ್‌ಳ ಅಂಗಡಿಯ ಹಿಂದೆ ಮಾತ್ರ ಎರಡು ಕಂಬದ ನಡುವೆ ದಪ್ಪ ದೋಣಿಹಗ್ಗ ಕಟ್ಟಿತ್ತು, ಹಗ್ಗದ ಈಚೆಗೆ ಖಾಲಿ ಮೀನಿನ ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿತ್ತು, ಅದರ ಈಚೆಗೆ ಓತ್ತೊರೀನೊ ನಿಂತಿದ್ದ. ಇಷ್ಟು ದಿನ ಈ ದಾರಿಯಲ್ಲಿ ಓಡಾಡಿದ ಕ್ವಾರ್ತ ಆ ಹಗ್ಗ ನೋಡಿದ್ದು ಅಂದೇ.

ಸಮವಸ್ತ್ರದವರು ಬರುವುದನ್ನು ಕಂಡು ಅವನು ಕೈ ಒರೆಸಿಕೊಂಡ.

“ಓತ್ತೊರೀನೊ, ನಾಣ್ಯ ಎಲ್ಲಿದೆ?”

“ಇಲ್ಲೇ.”

“ತಗೊಂಡದ್ದು ನೀವೇನಾ?”

“ನಾನೇ. ಅವಳಿಗೆ ಅದು ಎಲ್ಲಿಯದು ಅಂತ ಗೊತ್ತಿಲ್ಲ. ಅಜ್ಜಿದು ಅಂತ ಹೇಳಿದ್ದೀನಿ.” ಆಮೇಲೆ ತಿಯೋಟ್ಸೊ ಕಡೆ ತಿರುಗಿದ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. “ಅಮೇದಿಯೊ, ಅದನ್ನ ಬಿಚ್ಚೋದಾದ್ರೆ ಮೊದ್ಲು ಅವಳನ್ನ ಕೂರಿಸು. ನೀರಿಗೆ ಬೆನ್ನು ಮಾಡಬೇಡ, ಗೋಡೆಗೆ ಮಾಡಿ ಕೂರಿಸು. ಆಮೇಲೆ ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು.”

ತಿಯೋಟ್ಸೊ ಪಕ್ಕದಂಗಡಿಯಿಂದ ಒರಗು ಇರುವ ಕುರ್ಚಿಯೊಂದನ್ನು ತಂದು ಗೋಡೆಗೆ ತಾಗಿಸಿ ಇಟ್ಟರು. ಮೂವತ್ತನಾಲ್ಕು ವರ್ಷದ ನಿವೆಸ್ ಏಪ್ರನ್ನಿಗೆ ಕೈ ಒರೆಸಿಕೊಂಡು ಒಮ್ಮೆ ಅಪ್ಪನನ್ನು, ಒಮ್ಮೆ ಇವರನ್ನು ನೋಡಿದಳು. ಏನೂ ಕೇಳದೆ ಹೋಗಿ ಕೂತಳು. ಪಾವಾನ್ ಅವಳ ಹಿಂದೆ ನಿಂತು, ಕೂದಲು ಸಿಕ್ಕಿಕೊಳ್ಳದ ಹಾಗೆ ಎತ್ತಿ ಹಿಡಿದು, ಸ್ವೆಟರಿನ ಒಳಗಿದ್ದ ದಾರದ ಗಂಟು ಬಿಚ್ಚಿದಳು. ಬಲೆ ಹೆಣೆಯುವ ನೂಲು, ಮೀನುಗಾರನ ಗಂಟು. ಬಿಚ್ಚಲು ತುಂಬ ಹೊತ್ತು ಹಿಡಿಯಿತು. ಕತ್ತರಿ ಇತ್ತು, ಅವಳು ಕತ್ತರಿಸಲಿಲ್ಲ.

ಚಿನ್ನ ಮೈಬಿಸಿಯಲ್ಲೇ ಪಾವಾನ್‌ಳ ಕೈಗೆ ಬಂತು. ಓತ್ತೊರೀನೊ ಅಷ್ಟು ಹೊತ್ತೂ ಮಗಳ ಕಣ್ಣನ್ನೇ ನೋಡುತ್ತಿದ್ದ. ಅವಳು ಬೀಳಲಿಲ್ಲ. ಜಪ್ತಿ ಮಹಜರಿಗೆ ಸಹಿ ಮಾಡಲು ಅಕ್ಕಪಕ್ಕದವರು ಕೈಯ ಮೀನಿನ ಪೊರೆ ಒರೆಸಿಕೊಂಡು ಬಂದರು. ಕ್ವಾರ್ತ ಅವನಿಗೆ ಕೋಳ ಹಾಕಲಿಲ್ಲ.

ಠಾಣೆಯಲ್ಲಿ ಹೇಳಿಕೆ ಕೊಡುವಾಗ ಓತ್ತೊರೀನೊ ಒಂದೇ ಸಮನೆ, ಬೇರೆ ಯಾರದೋ ವಿಷಯದಂತೆ ಹೇಳಿದ.

“ನನಗೆ ಎಂಟು ವರ್ಷ. ನನ್ನ ಅಕ್ಕ ಮಾಫಾಲ್ದಗೆ ಹನ್ನೊಂದು. ಅವಳು ಬೀಳ್ತಿದ್ಲು. ಅಪ್ಪನ ಬಲೆಗೆ ಆ ನಾಣ್ಯ ಬಂತು. ಅಮ್ಮ ತಿರುಗಿಸಿ ನೋಡಿ, ಶಿಲುಬೆ ಹಿಡ್ಕೊಂಡು ನಿಂತಿದ್ದಾಳೆ, ಸಂತ ಎಲೇನಳೇ ಬಂದ್ಲು ಅಂದ್ಲು. ದೋಣಿ ಕಟ್ಟೋನ ಹತ್ತಿರ ತೂತು ಹಾಕ್ಸಿ ಅಕ್ಕನ ಕುತ್ತಿಗೆಗೆ ಕಟ್ಟಿದ್ಲು. ಆ ಚಳಿಗಾಲವೆಲ್ಲ ಅಕ್ಕ ಒಂದು ಸಲನೂ ಬೀಳ್ಲಿಲ್ಲ.”

“ಆಮೇಲೆ?”

“ಊರಲ್ಲಿ ಸುದ್ದಿ ಆಯ್ತು. ಕೋಟು ಹಾಕಿದೋರು ಬಂದ್ರು. ನೆಲದ ಕೆಳಗಿಂದ, ನೀರಿನ ಕೆಳಗಿಂದ ಬಂದಿದ್ದೆಲ್ಲ ಸರ್ಕಾರದ್ದು ಅಂದ್ರು. ಕಾನೂನು ಸರೀನೇ. ಅಪ್ಪನ ಕೈ ಕುಲುಕಿ, ನಾಣ್ಯ ತಗೊಂಡು ಹೋದ್ರು. ಒಂದು ವಾರ ಆಗಿತ್ತು. ಅಕ್ಕ ಪಾತ್ರೆ ಅಲಬೋಕೆ ಕಾಲುವೆ ಮೆಟ್ಟಿಲಿಗೆ ಹೋದ್ಲು.”

ತಿಯೋಟ್ಸೊ ನೀರಿನ ಲೋಟ ಮುಂದೆ ಸರಿಸಿದರು. ಅವನು ಕುಡಿಯಲಿಲ್ಲ.

“ನಾನು ಸೇತುವೆ ಮೇಲೆ ಏಡಿ ಹಿಡೀತಿದ್ದೆ. ನೋಡ್ತಾನೇ ಇದ್ದೆ.”

ಕ್ವಾರ್ತ ಹಾಳೆ ತಿರುವಿ ಕೇಳಿದರು. “ಅದು ಸಂತ ಎಲೇನ ಅಲ್ಲ ಅಂತ ನಿಮಗೆ ಗೊತ್ತಿತ್ತಲ್ಲ?”

“ಪ್ರೊಫೆಸರು ಪ್ರತಿ ಶನಿವಾರ ಶಾಲೆ ಮಕ್ಕಳಿಗೆ ಹೇಳ್ತಾರೆ, ನಾನೂ ಕೇಳ್ತೀನಿ. ಫಾವುಸ್ತೀನ. ದೀವಟಿಗೆ. ಇರ್ಲಿ. ಮಾಫಾಲ್ದಗೆ ಅದು ಗೊತ್ತಿರ್ಲಿಲ್ಲ, ಬೀಳ್ಲೂ ಇಲ್ಲ.”

“ಇಪ್ಪತ್ತು ಲೀರ ಯಾಕೆ ಇಟ್ರಿ? ನಮ್ಮನ್ನ ಅಣಕಿಸೋಕಾ?”

ಓತ್ತೊರೀನೊಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಪ್ರೊಫೆಸರು ಬೆಳಿಗ್ಗೆ ಬಂದು ಖಾಲಿ ಜಾಗ ನೋಡಿದ್ರೆ? ಅವರ ಎದೆ ಸರಿ ಇಲ್ಲ. ಏನೋ ಒಂದು ಮುಖ ಇರ್ಲಿ ಅಂತ ಇಟ್ಟೆ.”

ಪಕ್ಕದ ಕೋಣೆಯಲ್ಲಿ ನಿವೆಸ್ ಪಾವಾನ್‌ಳ ಮುಂದೆ ಕೈಚೀಲದಿಂದ ಮಾತ್ರೆಯ ಡಬ್ಬಿ ತೆಗೆದಿಟ್ಟಿದ್ದಳು. ಅಕ್ಟೋಬರಿನಿಂದ ಡಾಕ್ಟರು ಬದಲಾಯಿಸಿ ಕೊಟ್ಟ ಮಾತ್ರೆ. ಅದು ಶುರುವಾದ ಮೇಲೆ ಅವಳು ಬಿದ್ದಿರಲಿಲ್ಲ. ಅಪ್ಪ ನಾಣ್ಯ ಕಟ್ಟಿದ್ದೂ ಹೆಚ್ಚುಕಮ್ಮಿ ಅದೇ ವಾರ.

“ಅದರಿಂದ ವಾಸಿ ಆಯ್ತು ಅಂತ ನೀವು ನಂಬ್ತೀರಾ?” ಎಂದು ಪಾವಾನ್ ಕೇಳಿದಳು.

“ನಾನು ಮಾತ್ರೆ ನುಂಗ್ತೀನಿ. ಅದನ್ನ ಕಟ್ಕೊಂಡಿದ್ದು ಅಪ್ಪನಿಗೋಸ್ಕರ. ನನ್ನ ಕುತ್ತಿಗೇಲಿ ಅದು ಇದ್ರೆ ಅಪ್ಪ ನಿದ್ದೆ ಮಾಡ್ತಿದ್ದ.”

ವಯಸ್ಸನ್ನು ನೋಡಿ, ನಾಣ್ಯ ಹಾನಿಯಿಲ್ಲದೆ ಸಿಕ್ಕಿದ್ದನ್ನು ನೋಡಿ, ವಿಚಾರಣೆ ಮುಗಿಯುವವರೆಗೆ ಗೃಹಬಂಧನ ಸಾಕೆಂದು ನ್ಯಾಯಾಧೀಶರು ಆದೇಶಿಸಿದರು. ಮನೆಯ ಹೊಸ್ತಿಲು ದಾಟುವಂತಿಲ್ಲ. ಅಂದರೆ ಮಾರ್ಕೆಟ್ಟಿನಲ್ಲಿ ಮಗಳಿಗೂ ನೀರಿಗೂ ನಡುವೆ ಅವನು ನಿಲ್ಲುವಂತಿಲ್ಲ. ಆದೇಶ ಓದಿ ಹೇಳಿದಾಗ ಅವನು ಕೇಳಿದ್ದು ಒಂದೇ, ಅಲ್ಲಿ ಇನ್ನು ಯಾರು ನಿಲ್ಲುತ್ತಾರೆ ಎಂದು. ಮಾರನೇ ದಿನ ಕ್ವಾರ್ತ ಆ ದಾರಿಯಲ್ಲಿ ಹೋದಾಗ ಅಂಗಡಿಯ ಹಿಂದೆ ಒಂದರ ಬದಲು ಎರಡು ಹಗ್ಗ ಇದ್ದವು. ಎರಡನೆಯದರ ಗಂಟು ಠಾಣೆಯ ದೋಣಿ ಕಟ್ಟುವಾಗ ತಿಯೋಟ್ಸೊ ಹಾಕುವ ಗಂಟಿನಂತಿತ್ತು. ಠಾಣೆಯ ಉಗ್ರಾಣದಲ್ಲಿ ಹಗ್ಗ ಕಡಿಮೆಯಾಗಿದೆಯೇ ಎಂದು ಅವರು ನೋಡಲು ಹೋಗಲಿಲ್ಲ. ಪಾಲ್ಮಿರ ಬಾರಿನ ಬಾಗಿಲು ತೆಗೆಯುವುದನ್ನು ಒಂಬತ್ತೂವರೆಗೆ ಮುಂದೂಡಿ, ಹೆಣೆಯುವ ಸ್ವೆಟರ್ ಹಿಡಿದು ಆ ಪೆಟ್ಟಿಗೆಗಳ ಮುಂದೆ ಕೂತಿದ್ದಳು. ಕ್ವಾರ್ತರನ್ನು ಕಂಡು ಮುಖ ತಿರುಗಿಸಿದಳು.

ಇಪ್ಪತ್ತನೇ ತಾರೀಖಿನ ಸಭೆಯಲ್ಲಿ ಮ್ಯೂಸಿಯಂ ಮುಚ್ಚುವ ವಿಷಯ ಬಿದ್ದುಹೋಯಿತು. ಪತ್ರಿಕೆಯಲ್ಲಿ ಸುದ್ದಿ ಓದಿದವರು ಫಾವುಸ್ತೀನಳನ್ನು ನೋಡಲು ಸಾಲುಗಟ್ಟಿದ್ದರು. ಪ್ರೊಫೆಸರ್ ಹೂಜಿಯೊಳಗಿಂದ ಕೀಲಿ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. ಎರಡು ದಿನದಲ್ಲಿ ಊರಿಗೆಲ್ಲ ಯಾವ ಜೇಬೆಂದು ಗೊತ್ತಾಯಿತು.

ಜನವರಿಯ ಒಂದು ಬೆಳಿಗ್ಗೆ ಕ್ವಾರ್ತ ಗೃಹಬಂಧನದ ತಪಾಸಣೆಗೆ ಹೋದರು. ಒಗೆದು ಮಡಚಿದ ಉಣ್ಣೆಯ ಕಾಲುಚೀಲ ಕೈಯಲ್ಲಿತ್ತು. ಬಾಗಿಲು ತೆಗೆದದ್ದು ನಿವೆಸ್. ಅವಳ ಕುತ್ತಿಗೆಯಲ್ಲಿ ಬಲೆಯ ನೂಲಿಗೆ ಪೋಣಿಸಿದ ಹಳದಿ ಬಿಲ್ಲೆ ಕಂಡು ಅವರು ಒಂದು ಹೆಜ್ಜೆ ಮುಂದೆ ಬಂದರು. ಹತ್ತಿರದಿಂದ ನೋಡಿದರೆ ಇಪ್ಪತ್ತು ಲೀರ.

“ಪ್ರೊಫೆಸರು ತಂದುಕೊಟ್ರು. ತಾವೇ ತೂತು ಹಾಕಿದ್ರಂತೆ” ಎಂದಳು. “ಬೆರಳಿಗೆ ಬ್ಯಾಂಡೇಜು ಬೇರೆ.”

ಒಳಗೆ ಕಿಟಕಿಯ ಬಳಿ, ಮಾರ್ಕೆಟ್ಟಿನ ಕಡೆಗೆ ಕುರ್ಚಿ ತಿರುಗಿಸಿಕೊಂಡು ಓತ್ತೊರೀನೊ ಕೂತಿದ್ದ.

“ಅದರಿಂದ ಏನೂ ಆಗಲ್ಲ, ಮರೆಶಾಲ್ಲೊ. ಬರೀ ಹಿತ್ತಾಳೆ” ಎಂದ.

“ಮತ್ತೆ?”

“ಇರ್ಲಿ. ಹಾಕ್ಕೊಂಡಿರ್ಲಿ.”

ಕಸುಬು ಗೊತ್ತಿಲ್ಲದ ಕೈ ಕೊರೆದ ತೂತು ಸ್ವಲ್ಪ ಓರೆಯಾಗಿತ್ತು. ಹಾಗಾಗಿ ಗೋಧಿ ತೆನೆ ಮುಡಿದ ಆ ಹೆಂಗಸು ನಿವೆಸ್‌ಳ ಎದೆಯ ಮೇಲೆ ನೆಟ್ಟಗೆ ನಿಲ್ಲದೆ, ಯಾರದೋ ಮಾತು ಕೇಳಿಸಿಕೊಳ್ಳುವವಳಂತೆ ತಲೆ ವಾಲಿಸಿಕೊಂಡಿದ್ದಳು. ಕ್ವಾರ್ತ ಕಾಲುಚೀಲವನ್ನು ಮೇಜಿನ ಮೇಲಿಟ್ಟು, ತಪಾಸಣೆ ಪುಸ್ತಕದಲ್ಲಿ ‘ಆರೋಪಿ ಮನೆಯಲ್ಲಿದ್ದಾನೆ’ ಎಂದು ಬರೆದು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದರು.